ಐನ್‌ಸ್ಟೈನ್ ಅಮೆರಿಕದಲ್ಲಿ ಸುತ್ತಾಡಿದ್ದು ಕಮ್ಮಿ, ತೇಲಿದ್ದು ಜಾಸ್ತಿ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಅವಳ ಪಾಠದಲ್ಲಿ ಐನ್‌ಸ್ಟೈನ್ ಅಂದರೆ ಸಾಪೇಕ್ಷತೆ, ನೊಬೆಲ್, ಕೆದರಿದ ಕೂದಲು, ಅಷ್ಟೇ. ಜರ್ಮನಿ ಬಿಟ್ಟು ಇಪ್ಪತ್ತು ವರ್ಷಕ್ಕೂ ಹೆಚ್ಚು ಅಮೆರಿಕದಲ್ಲಿದ್ದ ಮನುಷ್ಯ ರಜೆಯಲ್ಲಿ ಏನು ಮಾಡುತ್ತಿದ್ದರು, ಎಲ್ಲೆಲ್ಲಿ ತಿರುಗಾಡಿದರು ಅಂತ ಕೇಳುತ್ತಾಳೆ. ಈಜು ಬರದಿದ್ದರೂ ದೋಣಿ ನಡೆಸುತ್ತಿದ್ದರಂತೆ, ನಿಜವಾ? ಈ ಬೇಸಿಗೆಗೆ ನ್ಯೂಜೆರ್ಸಿಯಲ್ಲಿರುವ ಅಣ್ಣನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿ ನೋಡುವಂಥದ್ದು ಏನಾದರೂ ಇದೆಯಾ? (ತುಮಕೂರಿನ ಓದುಗರೊಬ್ಬರು)

ಉತ್ತರ: ಈಜಿನ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ಮಗಳು ಉಳಿದದ್ದನ್ನು ಓದೋದಿಲ್ಲ. ನಿಜ. ಐನ್‌ಸ್ಟೈನ್‌ಗೆ ಈಜು ಬರುತ್ತಿರಲಿಲ್ಲ. ಕಲಿಯುವ ಆಸೆಯೂ ಇದ್ದಂತೆ ಕಾಣುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಳ್ಳಿ ಅಂದರೆ ಒಪ್ಪುತ್ತಿರಲಿಲ್ಲ. ದೋಣಿಗೆ ಒಂದು ಮೋಟಾರಾದರೂ ಇರಲಿ ಅಂದರೆ ಅದೂ ಬೇಡ. ಗಾಳಿ ಬಂದರೆ ಹೋಗುವುದು, ನಿಂತರೆ ನೀರಿನ ನಡುವೆ ಸುಮ್ನೆ ಕೂತು, ಜೊತೆಗೆ ತಂದಿದ್ದ ನೋಟ್‌ಬುಕ್ ತೆಗೆದು ಏನಾದರೂ ಗೀಚುವುದು. ದಡದಲ್ಲಿ ಮನೆಯವರ ಪ್ರಾಣ ಬಾಯಿಗೆ ಬಂದಿರುತ್ತಿತ್ತು.

ನಾನು ಮೂವತ್ತು ವರ್ಷ ಹುಡುಗರಿಗೆ ಭೌತಶಾಸ್ತ್ರ ಕಲಿಸಿದವನು. ನಿವೃತ್ತಿಯಾದ ಮೇಲೆ ವರ್ಷದಲ್ಲಿ ಕೆಲವು ತಿಂಗಳು ಮಗನ ಮನೆಯಲ್ಲಿ ಇರುತ್ತೇನೆ. ಅಲ್ಲಿಂದ ಐನ್‌ಸ್ಟೈನ್ ನೆಲೆಸಿದ್ದ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ಗೆ ಕಾರಿನಲ್ಲಿ ಕಾಲು ಗಂಟೆ. ಬೆಂಗಳೂರಿಂದ ಯಾರಾದರೂ ಬಂದರೆ ಅವರ ಮನೆಯಿದ್ದ ಮರ್ಸರ್ ಸ್ಟ್ರೀಟ್ ತೋರಿಸುವ ಕೆಲಸ ನನ್ನದೇ. ಹಾಗೆ ತೋರಿಸುತ್ತಾ, ಬಂದವರ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಓದಿಕೊಂಡದ್ದು ಇದೆಲ್ಲ.

ನಿಮ್ಮ ಪ್ರಶ್ನೆಯಲ್ಲಿ ಒಂದು ಊಹೆ ಅಡಗಿದೆ. ಅಮೆರಿಕಕ್ಕೆ ಹೋದ ಮೇಲೆ ಅವರು ದೇಶವೆಲ್ಲ ಸುತ್ತಿರಬೇಕು ಅಂತ. ಆಗಿದ್ದು ಹೆಚ್ಚುಕಮ್ಮಿ ಉಲ್ಟಾ. ಅಲ್ಲಿ ನೆಲೆಸುವ ಮುಂಚೆ ಅವರು ಪ್ರಪಂಚ ಸುತ್ತಿದರು. ನೆಲೆಸಿದ ಮೇಲೆ ಸುತ್ತುವುದನ್ನೇ ಬಿಟ್ಟರು. 1922ರಲ್ಲಿ ಜಪಾನ್‌ಗೆ ಹೋದರು. ದಾರಿಯಲ್ಲಿ ಹಡಗು ಕೊಲಂಬೊದಲ್ಲಿ ನಿಂತಾಗ ಇಳಿದು ಊರು ನೋಡಿದರು. ಅಷ್ಟು ಹತ್ತಿರ ಬಂದವರು ಭಾರತಕ್ಕೆ ಮಾತ್ರ ಬರಲೇ ಇಲ್ಲ. 1923ರಲ್ಲಿ ಪ್ಯಾಲೆಸ್ಟೈನ್, ಸ್ಪೇನ್. 1925ರಲ್ಲಿ ದಕ್ಷಿಣ ಅಮೆರಿಕ. ಇಂಥ ಮನುಷ್ಯ 1935ರ ಮೇ ತಿಂಗಳ ನಂತರ, ಅಂದರೆ ಬದುಕಿನ ಕೊನೆಯ ಇಪ್ಪತ್ತು ವರ್ಷ, ಅಮೆರಿಕದ ಗಡಿಯನ್ನೇ ದಾಟಲಿಲ್ಲ. ಜರ್ಮನಿಗಂತೂ ಮತ್ತೆ ಕಾಲಿಡಲಿಲ್ಲ.

ಪ್ರವಾಸಿಯಾಗಿ ಅವರು ಅಮೆರಿಕ ನೋಡಿದ್ದು 1933ರ ಕೊನೆಗೆ ಅಲ್ಲಿ ನೆಲೆಸುವ ಮೊದಲು. 1921ರಲ್ಲಿ ಮೊದಲ ಸಲ ಬಂದದ್ದು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯಕ್ಕೆ ಹಣ ಕೂಡಿಸಲು, ಯಹೂದಿ ನಾಯಕ ಖಾಯಿಮ್ ವೈಜ್‌ಮನ್ ಜೊತೆ. ಅದು ಪ್ರವಾಸಕ್ಕಿಂತ ಮೆರವಣಿಗೆ ಅನ್ನಬಹುದು. ಆಮೇಲೆ 1930ರ ಕೊನೆಯಿಂದ ಮೂರು ಚಳಿಗಾಲ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಕ್ಕೆ, ಕ್ಯಾಲ್‌ಟೆಕ್ ಅನ್ನುವ ವಿಜ್ಞಾನ ಸಂಸ್ಥೆಯ ಅತಿಥಿಯಾಗಿ ಬಂದರು. ಮಜಾ ಮಾಡಿದ್ದು ಆಗಲೇ. ಮೊದಲ ಸಲ ಬೆಲ್ಜನ್‌ಲ್ಯಾಂಡ್ ಅನ್ನುವ ಹಡಗಿನಲ್ಲಿ ನ್ಯೂಯಾರ್ಕ್, ಹವಾನಾ, ಪನಾಮಾ ಕಾಲುವೆ ದಾಟಿ 1930ರ ಡಿಸೆಂಬರ್ 31ಕ್ಕೆ ಸ್ಯಾನ್ ಡಿಯೇಗೊದಲ್ಲಿ ಇಳಿದರು. ಮುಂದಿನ ತಿಂಗಳು ಮೌಂಟ್ ವಿಲ್ಸನ್ ಬೆಟ್ಟದ ಮೇಲಿನ ದೊಡ್ಡ ದೂರದರ್ಶಕ ನೋಡಿದರು. ಅದರ ಮಾರನೇ ದಿನವೇ ಲಾಸ್ ಏಂಜಲೀಸ್‌ನಲ್ಲಿ ಚಾರ್ಲಿ ಚಾಪ್ಲಿನ್ ಅವರ ಹೊಸ ಚಿತ್ರದ ಮೊದಲ ಪ್ರದರ್ಶನಕ್ಕೆ ಚಾಪ್ಲಿನ್ ಜೊತೆಗೇ ಹೋದರು. ಅಲ್ಲಿ ಇಬ್ಬರೂ ಪರಸ್ಪರ ಹೊಗಳಿಕೊಂಡರು ಅನ್ನುವ ಒಂದು ಮಾತುಕತೆ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರುತ್ತದೆ. ಅದನ್ನು ನಂಬಬೇಡಿ. ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ.

ಅದೇ 1931ರ ಫೆಬ್ರವರಿ ಕೊನೆಗೆ ರೈಲಿನಲ್ಲಿ ವಾಪಸ್ ಹೊರಟಾಗ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಇಳಿದರು. ಅಲ್ಲಿ ಹೋಪಿ ಬುಡಕಟ್ಟಿನವರ ಜೊತೆ, ತಲೆಗೆ ದೊಡ್ಡ ಗರಿಗಳ ಕಿರೀಟ ಕಟ್ಟಿಕೊಂಡು ನಿಂತ ಫೋಟೋ ಇದೆ. ಅವರಿಗೆ ಅಲ್ಲಿ ಒಂದು ಹೆಸರನ್ನೂ ಕೊಟ್ಟರು. ಇಂಗ್ಲಿಷಿನಲ್ಲಿ ಅದಕ್ಕೆ 'ದೊಡ್ಡ ನೆಂಟ' ಅಂತ ಅರ್ಥ. ರಿಲೇಟಿವಿಟಿಯವರಿಗೆ ರಿಲೇಟಿವ್, ಅಂದರೆ ನೆಂಟ! ಅಸಲಿಗೆ ಆ ಗರಿಯ ಕಿರೀಟ ಹೋಪಿಗಳದ್ದೇ ಅಲ್ಲ, ಬಯಲು ಸೀಮೆಯ ಬೇರೆ ಬುಡಕಟ್ಟುಗಳದ್ದು. ಪ್ರವಾಸಿಗಳಿಗೆ ಫೋಟೋ ಚೆನ್ನಾಗಿ ಬರಲಿ ಅಂತ ಇಟ್ಟಿದ್ದರು. ಮೈಸೂರು ಪೇಟ ಹಾಕಿ ಎಲ್ಲರನ್ನೂ ಸನ್ಮಾನ ಮಾಡುವ ನಾವು ಇದಕ್ಕೆ ಜಾಸ್ತಿ ನಗುವ ಹಾಗಿಲ್ಲ ಬಿಡಿ.

ಅವರು ಸೈಕಲ್ ಹೊಡೆಯುತ್ತಾ ನಗುತ್ತಿರುವ ಫೋಟೋ ಇದೆಯಲ್ಲ, ಪೋಸ್ಟರ್ ಆಗಿ ಎಲ್ಲ ಕಡೆ ಮಾರುತ್ತಾರೆ. ಅದು ಪ್ರಿನ್ಸ್‌ಟನ್‌ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ತೆಗೆದದ್ದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ, 1933ರ ಫೆಬ್ರವರಿಯಲ್ಲಿ, ಪರಿಚಯದವರೊಬ್ಬರ ಮನೆ ಅಂಗಳದಲ್ಲಿ. ತಾರೀಖು ಗಮನಿಸಿ. ಹಿಟ್ಲರ್ ಅಧಿಕಾರಕ್ಕೆ ಬಂದದ್ದು ಜನವರಿ 30ಕ್ಕೆ. ಆ ನಗುವಿನ ಫೋಟೋ ತೆಗೆಯುವ ಹೊತ್ತಿಗೆ ಅವರ ಮನೆ ಕೈತಪ್ಪುವುದಕ್ಕೆ ಶುರುವಾಗಿತ್ತು.

ಮನೆ ಅಂದೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅಮೆರಿಕದಲ್ಲಿ ಅವರು ಮಾಡಿದ್ದಕ್ಕೆಲ್ಲ ಬೇರು ಜರ್ಮನಿಯ ಕಾಪುಟ್ ಅನ್ನುವ ಹಳ್ಳಿಯಲ್ಲಿದೆ. ಬರ್ಲಿನ್ನಿನ ಪಕ್ಕ ಪಾಟ್ಸ್‌ಡಾಮ್, ಅದರ ಪಕ್ಕ ಕಾಪುಟ್. ಸುತ್ತ ಕೆರೆಗಳು, ಕಾಡು. 1929ರಲ್ಲಿ ಅಲ್ಲಿ ಕಾನ್ರಾಡ್ ವಾಕ್ಸ್‌ಮನ್ ಅನ್ನುವ ಹುಡುಗ ವಾಸ್ತುಶಿಲ್ಪಿಯ ಕೈಯಲ್ಲಿ ಒಂದು ಮರದ ಮನೆ ಕಟ್ಟಿಸಿದರು. 1930ರ ಜುಲೈನಲ್ಲಿ ರವೀಂದ್ರನಾಥ ಠಾಕೂರರು ಬಂದು ಸತ್ಯ, ಸೌಂದರ್ಯ ಅಂತ ಮಾತಾಡಿದ್ದು ಇದೇ ಮನೆಯಲ್ಲಿ. ಐವತ್ತನೇ ಹುಟ್ಟುಹಬ್ಬಕ್ಕೆ ಸ್ನೇಹಿತರು ಸೇರಿ ಒಂದು ಚೆಂದದ ಹಾಯಿದೋಣಿ ಕೊಡಿಸಿದರು. ಹೆಸರು ಟ್ಯೂಮ್ಲರ್, ಅಂದರೆ ಕಡಲಹಂದಿ. ಅದನ್ನು ಅವರು ಪ್ರೀತಿಯಿಂದ ನನ್ನ ದಪ್ಪ ದೋಣಿ ಅನ್ನುತ್ತಿದ್ದರು. ಬರಿಗಾಲಲ್ಲಿ ಓಡಾಟ, ಇಡೀ ದಿನ ನೀರಿನ ಮೇಲೆ, ಸಂಜೆ ಪಿಟೀಲು. ಮನೆಯಲ್ಲಿ ಫೋನ್ ಇರಲಿಲ್ಲ, ಬೇಕಂತಲೇ ಹಾಕಿಸಿರಲಿಲ್ಲ. ಇಷ್ಟೆಲ್ಲ ಸಿಕ್ಕಿದ್ದು ಬರೀ ನಾಲ್ಕು ಬೇಸಿಗೆ. 1932ರ ಡಿಸೆಂಬರಿನಲ್ಲಿ ಬೀಗ ಹಾಕಿ ಹೊರಟವರು ಮತ್ತೆ ಆ ಬಾಗಿಲು ತೆಗೆಯಲಿಲ್ಲ. 1933ರಲ್ಲಿ ನಾತ್ಸಿಗಳು ದೋಣಿಯನ್ನು ಜಪ್ತಿ ಮಾಡಿ, ಆಮೇಲೆ ಮಾರಿಬಿಟ್ಟರು.

ಆ ವರ್ಷ ಅಕ್ಟೋಬರ್ 17ಕ್ಕೆ ಅವರು ಹೆಂಡತಿ ಎಲ್ಸಾ, ಕಾರ್ಯದರ್ಶಿ ಹೆಲೆನ್ ಡ್ಯೂಕಾಸ್, ಸಹಾಯಕ ವಾಲ್ಟರ್ ಮೇಯರ್ ಜೊತೆ ನ್ಯೂಯಾರ್ಕಿನಲ್ಲಿ ಇಳಿದರು. ಪ್ರಿನ್ಸ್‌ಟನ್‌ನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್‌ಡ್ ಸ್ಟಡಿಯಲ್ಲಿ ಕೆಲಸ. ಊರು ಮೊದಲು ಅಷ್ಟಾಗಿ ಹಿಡಿಸಲಿಲ್ಲ. ಮರಗಾಲು ಕಟ್ಟಿಕೊಂಡು ನಡೆಯುವ ಪುಟ್ಟ ದೇವರುಗಳ ಹಳ್ಳಿ ಇದು ಅಂತ ಬೆಲ್ಜಿಯಂ ರಾಣಿ ಎಲಿಜಬೆತ್‌ಗೆ ಕಾಗದ ಬರೆದರು. ಈ ರಾಣಿಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾರೆ. ಆಕೆಯೂ ಪಿಟೀಲು ನುಡಿಸುತ್ತಿದ್ದರು. ಇಬ್ಬರೂ ಸೇರಿ ನುಡಿಸಿದ್ದರಿಂದ ಬೆಳೆದ ಸ್ನೇಹ ಅದು.

ಈಗ ರಜೆಗಳ ಲೆಕ್ಕ. ಅಮೆರಿಕದಲ್ಲಿ ಮೊದಲ ಬೇಸಿಗೆ, 1934, ರೋಡ್ ಐಲ್ಯಾಂಡ್ ರಾಜ್ಯದ ವಾಚ್ ಹಿಲ್. ಸಮುದ್ರ ತೀರ. 1935, ಕನೆಕ್ಟಿಕಟ್‌ನ ಓಲ್ಡ್ ಲೈಮ್. ನದಿ ಸಮುದ್ರ ಸೇರುವ ಜಾಗ. 1936, ನ್ಯೂಯಾರ್ಕ್ ರಾಜ್ಯದ ಅಡಿರಾಂಡಕ್ ಬೆಟ್ಟಗಳಲ್ಲಿ ಸಾರನಾಕ್ ಲೇಕ್. 1939, ಲಾಂಗ್ ಐಲ್ಯಾಂಡ್‌ನ ನಾಸೋ ಪಾಯಿಂಟ್, ಮೂರು ಕಡೆ ಕೊಲ್ಲಿಯ ನೀರು. 1940ರ ದಶಕದಲ್ಲಿ ಮತ್ತೆ ಮತ್ತೆ ಸಾರನಾಕ್. 1946ರ ಸೆಪ್ಟೆಂಬರಿನಲ್ಲಿ ಮೇರಿಲ್ಯಾಂಡ್‌ನ ಡೀಪ್ ಕ್ರೀಕ್ ಲೇಕ್. ಪಟ್ಟಿಯನ್ನು ಇನ್ನೊಂದು ಸಲ ಓದಿ. ನೀರಿಲ್ಲದ ಜಾಗ ಒಂದೂ ಇಲ್ಲ. ನಯಾಗರಾ ಇಲ್ಲ, ಯೆಲ್ಲೋಸ್ಟೋನ್ ಇಲ್ಲ. ಬಾಡಿಗೆಗೆ ಒಂದು ಮನೆ, ಎದುರಿಗೆ ದೋಣಿ ಬಿಡುವಷ್ಟು ನೀರು, ಹತ್ತಿರದಲ್ಲಿ ಜೊತೆಗೆ ಕೂತು ಮೋಟ್ಸಾರ್ಟ್ ನುಡಿಸುವ ಯಾರಾದರೂ. ಇಷ್ಟಿದ್ದರೆ ಆಯಿತು. ನನ್ನ ಪ್ರಕಾರ ಇವೆಲ್ಲ ಬೇರೆ ಬೇರೆ ಊರುಗಳೇ ಅಲ್ಲ. ಪ್ರತಿ ವರ್ಷ ಕಾಪುಟ್ ಅನ್ನೇ ಬಾಡಿಗೆಗೆ ಹಿಡಿಯುತ್ತಿದ್ದರು.

ಇನ್ನೊಂದು ಕಾರಣವೂ ಇತ್ತು ಅನ್ನಿ. ಅವರು ಕಾರು ಓಡಿಸುವುದನ್ನು ಕೊನೆವರೆಗೂ ಕಲಿಯಲಿಲ್ಲ. ಅಮೆರಿಕದಲ್ಲಿ ಕಾರು ಓಡಿಸಲು ಬರದಿದ್ದರೆ ಏನು ಪಾಡು ಅಂತ ಅಲ್ಲಿ ಆರು ತಿಂಗಳು ಮಗನ ಮನೆಯಲ್ಲಿ ಕೂತ ನನ್ನಂಥ ಅಪ್ಪಂದಿರನ್ನು ಕೇಳಬೇಕು.

1935ರ ಮೇ ತಿಂಗಳಿನ ಒಂದು ವಿದೇಶ ಪ್ರವಾಸ ಮಾತ್ರ ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅವರು ಬಂದಿದ್ದದ್ದು ಸಂದರ್ಶಕರ ವೀಸಾದಲ್ಲಿ. ಖಾಯಂ ಆಗಿ ಇರಬೇಕೆಂದರೆ ದೇಶದ ಹೊರಗೆ ಹೋಗಿ, ಅಲ್ಲಿನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಅರ್ಜಿ ಹಾಕಿ ಒಳಗೆ ಬರಬೇಕಿತ್ತು. ಈಗ ನಮ್ಮ ಹುಡುಗರು ಸ್ಟಾಂಪಿಂಗ್ ಅಂತ ಒದ್ದಾಡುತ್ತಾರಲ್ಲ, ಅದೇ ಕಥೆ. ಹಡಗು ಹತ್ತಿ ಬರ್ಮುಡಾಕ್ಕೆ ಹೋದರು. ಕೆಲವು ದಿನ ಇದ್ದು, ಅಲ್ಲೂ ದೋಣಿ ಹತ್ತಿ, ಕಾಗದಪತ್ರ ಮುಗಿಸಿ ಬಂದರು. ಅದೇ ಕೊನೆ. ಆ ವರ್ಷವೇ ಪ್ರಿನ್ಸ್‌ಟನ್‌ನಲ್ಲಿ 112 ಮರ್ಸರ್ ಸ್ಟ್ರೀಟ್ ಮನೆ ಕೊಂಡರು. 1940ರ ಅಕ್ಟೋಬರ್ 1ಕ್ಕೆ ಟ್ರೆಂಟನ್‌ನಲ್ಲಿ ಪ್ರಮಾಣ ಮಾಡಿ ಅಮೆರಿಕದ ಪ್ರಜೆಯಾದರು. ಸ್ವಿಸ್ ಪೌರತ್ವವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ದೋಣಿಗೆ ಬರೋಣ. ಅಮೆರಿಕದಲ್ಲಿ ಅವರು ಕೊಂಡದ್ದು ಒಂದು ಸಣ್ಣ ಮರದ ಹಾಯಿದೋಣಿ. ಅದಕ್ಕಿಟ್ಟ ಹೆಸರು ಟಿನೆಫ್. ಯಿಡ್ಡಿಷ್ ಭಾಷೆಯಲ್ಲಿ ಕೆಲಸಕ್ಕೆ ಬಾರದ್ದು ಅಂತ. ನಾವು ಹಳೇ ಸ್ಕೂಟರ್‌ಗೆ 'ಡಕೋಟಾ' ಅಂತೀವಲ್ಲ, ಸರಿಯಾಗಿ ಅದೇ. ಆ ಹೆಸರಲ್ಲೇ ಗೊತ್ತಾಗುತ್ತದೆ, ಮನಸ್ಸಿನಲ್ಲಿ ಟ್ಯೂಮ್ಲರ್ ಇತ್ತು. ಬರ್ಲಿನ್ನಿನ ಕೆರೆ ನೀರಿಗೆ ಪಳಗಿದವರಿಗೆ ಕಡಲ ಏರಿಳಿತದ ಅಂದಾಜು ಸಿಗುತ್ತಿರಲಿಲ್ಲ. ಓಲ್ಡ್ ಲೈಮ್‌ನಲ್ಲಿ ಇಳಿತದ ಹೊತ್ತಿಗೆ ಮರಳ ದಿಬ್ಬಕ್ಕೆ ಸಿಕ್ಕಿಹಾಕಿಕೊಂಡರು. ಪತ್ರಿಕೆಯವರು ಬಿಡುತ್ತಾರಾ? ಕಡಲಿನ ಉಬ್ಬರವಿಳಿತವೂ ಸಾಪೇಕ್ಷವೇ ಅಂತ ತಲೆಬರಹದಲ್ಲೇ ಕಾಲೆಳೆದರು. ಸಾರನಾಕ್‌ನಲ್ಲಿ ದೋಣಿ ಮಗುಚಿ, ಹಗ್ಗಕ್ಕೆ ಕಾಲು ಸಿಕ್ಕಿ ಮುಳುಗುತ್ತಿದ್ದವರನ್ನು ಊರಿನ ಒಬ್ಬ ಹುಡುಗ ಎಳೆದು ಉಳಿಸಿದ ಅನ್ನುವ ಕಥೆಯನ್ನು ಆ ಕಡೆಯವರು ಈಗಲೂ ಹೇಳುತ್ತಾರೆ.

ಹಾಗಂತ ಅವರಿಗೆ ದೋಣಿ ನಡೆಸಲು ಬರುತ್ತಿರಲಿಲ್ಲ ಅಂತಲ್ಲ. ಗಾಳಿ ಯಾವ ಕಡೆ ತಿರುಗುತ್ತಿದೆ, ಹಾಯಿಯನ್ನು ಎಷ್ಟು ಬಿಗಿ ಹಿಡಿಯಬೇಕು, ಯಾವಾಗ ಸಡಿಲ ಬಿಡಬೇಕು, ಇದೆಲ್ಲ ಕೈಗೆ ಒಗ್ಗಿತ್ತು. ಅವರಿಗೆ ಬೇಡವಾಗಿದ್ದದ್ದು ಪಂದ್ಯ, ವೇಗ, ಗುರಿ. ನಕ್ಷೆ, ದಿಕ್ಸೂಚಿ ನೋಡುವವರಲ್ಲ. ಎಲ್ಲಿಗೆ ಅಂತ ಕೇಳಿದರೆ ಉತ್ತರ ಇರುತ್ತಿರಲಿಲ್ಲ. ಸಂಜೆಯಾದರೂ ಬರದಿದ್ದಾಗ ಹುಡುಕಿಕೊಂಡು ಇನ್ನೊಂದು ದೋಣಿ ಹೋಗುವುದು ಮಾಮೂಲು. 1934ರ ಜನವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಐನ್‌ಸ್ಟೈನ್‌ರನ್ನು ವೈಟ್ ಹೌಸ್‌ಗೆ ಊಟಕ್ಕೆ ಕರೆದು ರಾತ್ರಿ ಅಲ್ಲೇ ಉಳಿಸಿಕೊಂಡರು. ರೂಸ್‌ವೆಲ್ಟ್‌ಗೆ ತಕ್ಕಮಟ್ಟಿಗೆ ಜರ್ಮನ್ ಬರುತ್ತಿತ್ತು. ಇಬ್ಬರಿಗೂ ಹಾಯಿದೋಣಿಯ ಹುಚ್ಚು, ಅದರ ಬಗ್ಗೆಯೇ ಮಾತಾಡಿಕೊಂಡರು. ಆ ರಾತ್ರಿ ಐನ್‌ಸ್ಟೈನ್ ವೈಟ್ ಹೌಸ್ ಕಾಗದದ ಮೇಲೆ ಒಂದು ಚಿಕ್ಕ ತಮಾಷೆ ಪದ್ಯ ಬರೆದು ಬೆಲ್ಜಿಯಂ ರಾಣಿಗೆ ಕಳಿಸಿದರು. ಪದ್ಯ ಹೊಸೆಯುವುದು ಅವರ ಇನ್ನೊಂದು ಚಟ.

ಈಗ 1939ರ ಬೇಸಿಗೆ. ನಿಮ್ಮ ಮಗಳಿಗೆ ಒಂದೇ ಒಂದು ಕಥೆ ಹೇಳಬೇಕಾದರೆ ಇದನ್ನು ಹೇಳಿ.

ನಾಸೋ ಪಾಯಿಂಟ್ ಹತ್ತಿರದ ಸೌತೋಲ್ಡ್ ಊರಿನಲ್ಲಿ ಡೇವಿಡ್ ರಾತ್‌ಮನ್ ಅನ್ನುವವರದ್ದು ಒಂದು ಅಂಗಡಿ. ಬಟ್ಟೆ, ಚಪ್ಪಲಿ, ಮೊಳೆ, ಸುತ್ತಿಗೆ, ಎಲ್ಲ ಸಿಗುವಂಥದ್ದು. ಐನ್‌ಸ್ಟೈನ್ ಒಳಗೆ ಬಂದು ಸ್ಯಾಂಡಲ್ಸ್ ಬೇಕು ಅಂದರು. ಅವರ ಜರ್ಮನ್ ಉಚ್ಚಾರಣೆಯಲ್ಲಿ ಅದು ರಾತ್‌ಮನ್ ಕಿವಿಗೆ 'ಸನ್‌ಡಯಲ್' ಅಂತ ಕೇಳಿಸಿತು, ಅಂದರೆ ಬಿಸಿಲು ಗಡಿಯಾರ. ಇಷ್ಟು ದೊಡ್ಡ ವಿಜ್ಞಾನಿ ಬಂದು ಕೇಳಿದ್ದು ಅದನ್ನೇ ಇರಬೇಕು ಅಂತ ಅನ್ನಿಸುವುದು ಸಹಜ ಅಲ್ವಾ! ಅಂಗಡಿಯಲ್ಲಿ ಇಲ್ಲ, ನಮ್ಮ ಹಿತ್ತಲಲ್ಲಿ ಒಂದಿದೆ, ಬೇಕಾದರೆ ತಗೊಂಡು ಹೋಗಿ ಅಂತ ಕರಕೊಂಡು ಹೋಗಿ ತೋರಿಸಿದರು. ಐನ್‌ಸ್ಟೈನ್ ಜೋರಾಗಿ ನಕ್ಕು ಕಾಲೆತ್ತಿ ತೋರಿಸಿದರು. ಅವರ ಅಳತೆಗೆ ಸಿಕ್ಕಿದ್ದು ಹೆಂಗಸರ ಬಿಳಿ ಸ್ಯಾಂಡಲ್. ಬೆಲೆ 1 ಡಾಲರ್ 35 ಸೆಂಟ್. ಆ ಚಪ್ಪಲಿ ಹಾಕಿಕೊಂಡು, ಚಡ್ಡಿಯಲ್ಲಿ, ನೀರಿನ ಪಕ್ಕದ ಬಂಡೆ ಮೇಲೆ ಆರಾಮಾಗಿ ಕೂತ ಫೋಟೋ ನೀವು ನೋಡಿರುತ್ತೀರಿ. ಅದು ಅದೇ ಬೇಸಿಗೆಯದು.

ಅಂಗಡಿಯವರೂ ಪಿಟೀಲು ನುಡಿಸುವವರು ಅಂತ ಮಾತಿನಲ್ಲಿ ಗೊತ್ತಾಯಿತು. ಅಲ್ಲಿಗೆ ಮುಗಿಯಿತು. ಅವತ್ತಿಂದ ಸಂಜೆಗಳಲ್ಲಿ ರಾತ್‌ಮನ್ ಮನೆಯಲ್ಲಿ ಸಂಗೀತ. ಆಮೇಲೆ ದೊಡ್ಡ ಹೆಸರು ಮಾಡಿದ ಬ್ರಿಟಿಷ್ ಸಂಗೀತಗಾರ ಬೆಂಜಮಿನ್ ಬ್ರಿಟನ್ ಕೂಡ ಆ ದಿನಗಳಲ್ಲಿ ಅಲ್ಲಿಗೆ ಬರುತ್ತಿದ್ದರು.

ಅದೇ ಜುಲೈನಲ್ಲಿ ಹಂಗೇರಿಯ ಇಬ್ಬರು ಭೌತವಿಜ್ಞಾನಿಗಳು, ಲಿಯೋ ಜಿಲಾರ್ಡ್ ಮತ್ತು ಯೂಜೀನ್ ವಿಗ್ನರ್, ಕಾರಿನಲ್ಲಿ ಐನ್‌ಸ್ಟೈನ್ ಮನೆ ಹುಡುಕುತ್ತಾ ಬಂದರು. ಡಾಕ್ಟರ್ ಮೂರ್ ಅವರ ಮನೆ ಅನ್ನುವ ಗುರುತು ಬಿಟ್ಟರೆ ಬೇರೆ ವಿಳಾಸ ಇರಲಿಲ್ಲ. ಸುತ್ತಿ ಸುತ್ತಿ ಸಾಕಾಗಿ ವಾಪಸ್ ಹೋಗೋಣ ಅನ್ನುವಷ್ಟಾಗಿತ್ತು. ಕೊನೆಗೆ ರಸ್ತೆ ಬದಿಯ ಒಬ್ಬ ಪುಟ್ಟ ಹುಡುಗನನ್ನು, ಐನ್‌ಸ್ಟೈನ್ ಎಲ್ಲಿರೋದು ಗೊತ್ತಾ ಅಂತ ಕೇಳಿದರು. ಅವನಿಗೆ ಗೊತ್ತಿತ್ತು. ಐನ್‌ಸ್ಟೈನ್ ಬನಿಯನ್ನು, ಮಡಚಿದ ಪ್ಯಾಂಟಿನಲ್ಲೇ ಹೊರಗೆ ಬಂದರು. ಯುರೇನಿಯಂ ಪರಮಾಣು ಒಡೆದಾಗ ಹೊರಬರುವ ನ್ಯೂಟ್ರಾನ್‌ಗಳು ಮತ್ತಷ್ಟು ಪರಮಾಣುಗಳನ್ನು ಒಡೆದು, ಅದು ಸರಪಳಿಯಂತೆ ಮುಂದುವರಿದರೆ ಬಾಂಬ್ ಮಾಡಬಹುದು ಅಂತ ಜಿಲಾರ್ಡ್ ವಿವರಿಸಿದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ ಅಂದರು ಐನ್‌ಸ್ಟೈನ್. E = mc² ಬರೆದ ಮನುಷ್ಯ!

ಜಿಲಾರ್ಡ್ ಐನ್‌ಸ್ಟೈನ್‌ರನ್ನು ಹುಡುಕಿಕೊಂಡು ಬಂದದ್ದು ಯಾಕೆ ಗೊತ್ತಾ? ಸಮೀಕರಣಕ್ಕಲ್ಲ. ಯುರೇನಿಯಂ ಅದಿರು ಬೇಕಾದಷ್ಟು ಇದ್ದದ್ದು ಕಾಂಗೊದಲ್ಲಿ, ಕಾಂಗೊ ಇದ್ದದ್ದು ಬೆಲ್ಜಿಯಂ ಕೈಯಲ್ಲಿ, ಬೆಲ್ಜಿಯಂ ರಾಣಿ ಐನ್‌ಸ್ಟೈನ್ ಸ್ನೇಹಿತೆ. ಆ ಅದಿರು ಜರ್ಮನಿಗೆ ಹೋಗದ ಹಾಗೆ ನೋಡಿಕೊಳ್ಳಿ ಅಂತ ಆಕೆಗೆ ಒಂದು ಕಾಗದ ಬರೆಸೋಣ ಅಂತ ಬಂದಿದ್ದರು. ಮಾತಾಡುತ್ತಾ ಯೋಜನೆ ಬದಲಾಯಿತು. ಕೆಲವು ದಿನ ಬಿಟ್ಟು ಜಿಲಾರ್ಡ್ ಮತ್ತೆ ಬಂದರು. ಅವರಿಗೂ ಕಾರು ಓಡಿಸಲು ಬರುತ್ತಿರಲಿಲ್ಲ, ಈ ಸಲ ಎಡ್ವರ್ಡ್ ಟೆಲ್ಲರ್ ಓಡಿಸಿಕೊಂಡು ಬಂದರು. ಮುಂದೆ ಹೈಡ್ರೋಜನ್ ಬಾಂಬಿನ ಹಿಂದೆ ಬಿದ್ದ ಟೆಲ್ಲರ್ ಇವರೇ. ಕಾಗದ ಹೋದದ್ದು ರೂಸ್‌ವೆಲ್ಟ್‌ಗೆ. ತಾರೀಖು 1939 ಆಗಸ್ಟ್ 2. ಮೇಲೆ ವಿಳಾಸ ಪ್ರಿನ್ಸ್‌ಟನ್‌ದಲ್ಲ, ಬೇಸಿಗೆ ಮನೆಯದು: ನಾಸೋ ಪಾಯಿಂಟ್, ಪೆಕೋನಿಕ್, ಲಾಂಗ್ ಐಲ್ಯಾಂಡ್. ಅದನ್ನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಅದು ಒಂದು ರಜೆಯ ಮನೆಯಿಂದ ಹೋದ ಕಾಗದ, ಅದಕ್ಕೆ ದಾರಿಯಾದದ್ದು ಒಂದು ಪಿಟೀಲಿನ ಸ್ನೇಹ ಅಂತ ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ.

ಇನ್ನೂ ಒಂದಿದೆ. ಆರು ವರ್ಷದ ನಂತರ, 1945ರ ಆಗಸ್ಟ್‌ನಲ್ಲಿ ಹಿರೋಷಿಮಾ ಸುದ್ದಿ ಬಂದಾಗ ಅವರು ಎಲ್ಲಿದ್ದರು? ಸಾರನಾಕ್ ಲೇಕ್‌ನಲ್ಲಿ, ರಜೆಯಲ್ಲಿ. ಹೆಲೆನ್ ಡ್ಯೂಕಾಸ್ ರೇಡಿಯೋದಲ್ಲಿ ಕೇಳಿ ಬಂದು ಹೇಳಿದರು. ಬಾಂಬ್ ಮಾಡುವ ಕೆಲಸದಲ್ಲಿ ಅವರನ್ನು ಸೇರಿಸಿಕೊಂಡಿರಲಿಲ್ಲ. ಅಮೆರಿಕದ ಸೇನೆಗೆ ಅವರ ರಾಜಕೀಯದ ಮೇಲೆ ಅನುಮಾನ.

ಪಿಟೀಲಿನ ಬಗ್ಗೆ ಚುಟುಕಾಗಿ. ಆರನೇ ವಯಸ್ಸಿಗೆ ಅಮ್ಮ ಪಾಠಕ್ಕೆ ಹಾಕಿದರು. ಹದಿಮೂರರ ಹೊತ್ತಿಗೆ ಮೋಟ್ಸಾರ್ಟ್ ಸಿಕ್ಕಿದ ಮೇಲೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ. ಪಿಟೀಲನ್ನು ಲೀನಾ ಅಂತ ಕರೆಯುತ್ತಿದ್ದರು. ಎಲ್ಲಿಗೆ ಹೋದರೂ ಪೆಟ್ಟಿಗೆ ಜೊತೆಗೆ. ಪ್ರಿನ್ಸ್‌ಟನ್ ಮನೆಯಲ್ಲಿ ಬುಧವಾರ ಸಂಜೆ ನಾಲ್ಕೈದು ಜನ ಸೇರಿ ನುಡಿಸುವ ರೂಢಿ ಇತ್ತು. ಎಷ್ಟು ಚೆನ್ನಾಗಿ ನುಡಿಸುತ್ತಿದ್ದರು? ಒಳ್ಳೆಯ ಹವ್ಯಾಸಿ, ಕಛೇರಿ ಮಟ್ಟದವರಲ್ಲ. ತಾಳ ತಪ್ಪಿದಾಗ ಜೊತೆಯವರು, ನಿಮಗೆ ಎಣಿಸಲು ಬರಲ್ವಾ ಅಂತ ಗದರಿದರು ಅನ್ನುವ ಜೋಕನ್ನು ನಾಲ್ಕೈದು ಬೇರೆ ಬೇರೆ ಕಲಾವಿದರ ಹೆಸರಲ್ಲಿ ಹೇಳುತ್ತಾರೆ, ಹಾಗಾಗಿ ನಾನು ಹೇಳುವುದಿಲ್ಲ. ವಯಸ್ಸಾಗಿ ಎಡಗೈ ಬೆರಳು ಓಡದಾದಾಗ ಪಿಟೀಲು ಕೆಳಗಿಟ್ಟು ಪಿಯಾನೋ ಮೇಲೆ ಮನಸ್ಸಿಗೆ ಬಂದದ್ದನ್ನು ನುಡಿಸುತ್ತಿದ್ದರು. 1933ರಲ್ಲಿ ಪೆನ್ಸಿಲ್ವೇನಿಯಾದ ಒಬ್ಬರು ಕೈಯಾರೆ ಮಾಡಿ ಅವರಿಗೆ ಕೊಟ್ಟಿದ್ದ ಪಿಟೀಲನ್ನು ಅವರು ಆಮೇಲೆ ವಿಶ್ವವಿದ್ಯಾಲಯದ ಕಸಗುಡಿಸುವ ನೌಕರರೊಬ್ಬರ ಮಗನಿಗೆ ಕೊಟ್ಟುಬಿಟ್ಟರು. ಅದು 2018ರಲ್ಲಿ ಹರಾಜಿಗೆ ಬಂತು, 5,16,500 ಡಾಲರ್‌ಗೆ ಹೋಯಿತು.

ಇದಲ್ಲದೆ ಸಣ್ಣಪುಟ್ಟ ಯಂತ್ರ ಕಟ್ಟುವ ಚಪಲವೂ ಇತ್ತು. ಯೌವನದಲ್ಲಿ ಪೇಟೆಂಟ್ ಆಫೀಸಿನ ಗುಮಾಸ್ತರಾಗಿದ್ದವರಲ್ವಾ, ಅದು ಬಿಡುತ್ತಾ? ಗುಸ್ಟಾವ್ ಬಕಿ ಅನ್ನುವ ವೈದ್ಯರು, ಅವರೂ ಜರ್ಮನಿಯಿಂದ ಬಂದವರೇ, ಇವರ ಬೇಸಿಗೆ ರಜೆಗಳ ಜೊತೆಗಾರ. ಇಬ್ಬರೂ ಸೇರಿ, ಬೆಳಕಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಕ್ಯಾಮೆರಾಗೆ 1936ರಲ್ಲಿ ಅಮೆರಿಕನ್ ಪೇಟೆಂಟ್ ಪಡೆದರು. ಫೋಟೋಗ್ರಾಫರ್‌ಗಳ ಕಾಟಕ್ಕೆ ಬೇಸತ್ತ ಮನುಷ್ಯ ಕ್ಯಾಮೆರಾ ಸುಧಾರಿಸಲು ಹೊರಟದ್ದು ನನಗೆ ಯಾವಾಗಲೂ ನಗು ತರಿಸುತ್ತದೆ. ನಾಲಿಗೆ ಚಾಚಿದ ಫೋಟೋ ಕೂಡ ಅದೇ ಕಾಟದ ಫಲ. 1951ರ ಮಾರ್ಚ್ 14, ಎಪ್ಪತ್ತೆರಡನೇ ಹುಟ್ಟುಹಬ್ಬ. ಕಾರಿನಲ್ಲಿ ಕೂತವರನ್ನು ನಗಿ ನಗಿ ಅಂತ ಪೀಡಿಸಿದಾಗ ಕೊಟ್ಟ ಉತ್ತರ. ಆಮೇಲೆ ಅದರ ಪ್ರತಿಗಳನ್ನು ತರಿಸಿಕೊಂಡು ತಾವೇ ಸ್ನೇಹಿತರಿಗೆ ಹಂಚಿದರು.

ಒಂದು ಪ್ರಯಾಣವನ್ನು ಮಾತ್ರ ರಜೆಯ ಲೆಕ್ಕಕ್ಕೆ ಸೇರಿಸದೆ ಹೇಳಬೇಕು. ಗೌರವ ಡಾಕ್ಟರೇಟ್ ತಗೊಳ್ಳಿ ಅಂತ ಕರೆಯುವ ಕಾಲೇಜುಗಳಿಗೆಲ್ಲ ಅವರು ಆ ವಯಸ್ಸಿನಲ್ಲಿ ಹೋಗುತ್ತಿರಲಿಲ್ಲ. ಆದರೆ 1946ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯಕ್ಕೆ ಹೋದರು. ಅದು ಕಪ್ಪು ಜನರಿಗಾಗಿ ಇದ್ದ ಸಂಸ್ಥೆ. ಅಲ್ಲಿ ಹುಡುಗರಿಗೆ ಪಾಠ ಮಾಡಿದರು, ವರ್ಣಭೇದ ಅನ್ನೋದು ಬಿಳಿಯರ ಕಾಯಿಲೆ ಅಂತ ನೇರವಾಗಿ ಹೇಳಿದರು. ಅದಕ್ಕೂ ಮುಂಚೆ, 1937ರಲ್ಲಿ, ಹಾಡುಗಾರ್ತಿ ಮೇರಿಯನ್ ಆಂಡರ್ಸನ್ ಪ್ರಿನ್ಸ್‌ಟನ್‌ನಲ್ಲಿ ಕಛೇರಿಗೆ ಬಂದಾಗ, ಕಪ್ಪು ಹೆಣ್ಣು ಅನ್ನುವ ಕಾರಣಕ್ಕೆ ಅವರಿಗೆ ಹೋಟೆಲಿನಲ್ಲಿ ಕೋಣೆ ಸಿಗಲಿಲ್ಲ. ಐನ್‌ಸ್ಟೈನ್ ಮನೆಗೆ ಕರೆದರು. ಆ ಸ್ನೇಹ ಕೊನೆವರೆಗೂ ಉಳಿಯಿತು. ಮನೆಯಿಂದ ಓಡಿಸಲ್ಪಟ್ಟವರಿಗೆ ಬಾಗಿಲು ಮುಚ್ಚಿಸಿಕೊಳ್ಳುವುದು ಏನು ಅಂತ ಗೊತ್ತಿತ್ತು.

ಎಲ್ಸಾ 1936ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ದೋಣಿಯೂ ಬಿಟ್ಟುಹೋಯಿತು. ಆಗ ಉಳಿದದ್ದು ನಡಿಗೆ. ಇನ್‌ಸ್ಟಿಟ್ಯೂಟ್‌ನಿಂದ ಮನೆಗೆ ತರ್ಕಶಾಸ್ತ್ರಿ ಕರ್ಟ್ ಗೋಡೆಲ್ ಜೊತೆ ಜರ್ಮನ್‌ನಲ್ಲಿ ಹರಟುತ್ತಾ ನಡೆಯುವುದು. ನಾನು ಆಫೀಸಿಗೆ ಬರೋದೇ ಗೋಡೆಲ್ ಜೊತೆ ಮನೆಗೆ ನಡೆದು ಹೋಗುವ ಸುಖಕ್ಕೆ ಅನ್ನುತ್ತಿದ್ದರು. ಮನೆಯಲ್ಲಿ ಚಿಕೊ ಅನ್ನುವ ನಾಯಿ, 75ನೇ ಹುಟ್ಟುಹಬ್ಬಕ್ಕೆ ಬಂದ ಬೀಬೊ ಅನ್ನುವ ಗಿಳಿ. ಗಿಳಿಗೆ ಬೇಜಾರಾಗಿದೆ ಅಂತ ಅದಕ್ಕೆ ಕೂತು ಕೆಟ್ಟ ಜೋಕ್ ಹೇಳುತ್ತಿದ್ದರಂತೆ. ಇದು ಗೊತ್ತಾದದ್ದು ಜೊಹಾನಾ ಫಾಂಟೋವಾ ಅನ್ನುವ ಆಪ್ತ ಗೆಳತಿ ಬರೆದಿಟ್ಟ ದಿನಚರಿಯಿಂದ. ಆಕೆ ಅವರ ಜೊತೆ ದೋಣಿ ಹತ್ತುತ್ತಿದ್ದವರು. ಆ ದಿನಚರಿ ಬೆಳಕಿಗೆ ಬಂದದ್ದು 2004ರಲ್ಲಿ.

ಇನ್ನು ನಿಮ್ಮ ಪ್ರಯಾಣ. 112 ಮರ್ಸರ್ ಸ್ಟ್ರೀಟ್ ಹುಡುಕುವುದು ಸುಲಭ, ಬಿಳಿ ಬಣ್ಣದ ಸಾದಾ ಮನೆ. ಆದರೆ ಒಳಗೆ ಹೋಗುವ ಹಾಗಿಲ್ಲ. ಇದನ್ನು ಮ್ಯೂಸಿಯಂ ಮಾಡಬೇಡಿ ಅಂತ ಅವರೇ ಹೇಳಿಹೋಗಿದ್ದರು, ಬೋರ್ಡ್ ಕೂಡ ಇಲ್ಲ. ಬೇರೆಯವರು ವಾಸ ಮಾಡುತ್ತಿರುವ ಮನೆ ಅದು. ನಾನು ಕರಕೊಂಡು ಹೋದ ಒಬ್ಬರು ಮೆಟ್ಟಿಲ ಮೇಲೆ ಕೂತು ಸೆಲ್ಫಿ ತೆಗೆಯಲು ಹೋಗಿ ನನಗೆ ಮುಜುಗರ ಆಗಿತ್ತು. ಫುಟ್‌ಪಾತಿನಿಂದ ನೋಡಿ, ಗಂಟೆ ಒತ್ತಬೇಡಿ. ಊರಿನ ನಡುವೆ ಮಾನ್ಯುಮೆಂಟ್ ಹಾಲ್ (ಮೊದಲು ಬರೋ ಹಾಲ್ ಅನ್ನುತ್ತಿದ್ದರು) ಹತ್ತಿರ ಅವರ ತಲೆಯ ಒಂದು ಕಂಚಿನ ಪ್ರತಿಮೆ ಇದೆ, ಫೋಟೋಗೆ ಅದು ಸಾಕು. ವಿಶ್ವವಿದ್ಯಾಲಯದ ಜೋನ್ಸ್ ಹಾಲ್‌ನ ಒಂದು ಕೋಣೆಯಲ್ಲಿ ಬೆಂಕಿಗೂಡಿನ ಮೇಲೆ ಅವರ ಒಂದು ಮಾತನ್ನು ಜರ್ಮನ್‌ನಲ್ಲಿ ಕೆತ್ತಿದ್ದಾರೆ. ದೇವರು ಜಾಣ, ಆದರೆ ಕೇಡಿಗನಲ್ಲ ಅಂತ ಅದರ ಅರ್ಥ. ಆ ಮಾತು ಹುಟ್ಟಿದ್ದು 1921ರ ಭೇಟಿಯಲ್ಲಿ.

ಆಮೇಲೆ ಸಂಜೆ ಐದರ ಮೇಲೆ ಕಾರ್ನೆಗಿ ಲೇಕ್‌ಗೆ ಹೋಗಿ. ಇದು ದೇವರು ಮಾಡಿದ ಕೆರೆಯಲ್ಲ. ಕಾಲೇಜಿಗೆ ದುಡ್ಡು ಕೊಡಿ ಅಂತ ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ವುಡ್ರೋ ವಿಲ್ಸನ್ ಕೇಳಿದರೆ, ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ ಹುಡುಗರು ದೋಣಿ ಪಂದ್ಯ ಆಡಲಿ ಅಂತ 1906ರಲ್ಲಿ ಕೆರೆ ಕಟ್ಟಿಸಿಕೊಟ್ಟರು. ಉದ್ದಕ್ಕೆ, ಕಿರಿದಾಗಿ, ಆಳವಿಲ್ಲದೆ ಇದೆ. ಹುಟ್ಟು ಹಾಕುವವರಿಗೆ ಚೆನ್ನ. ಹಾಯಿದೋಣಿಗೆ ಅಷ್ಟೇನೂ ಒಳ್ಳೆಯ ಜಾಗವಲ್ಲ, ಅರ್ಧ ಹೊತ್ತು ಗಾಳಿಯೇ ಇರುವುದಿಲ್ಲ. ಟಿನೆಫ್ ತೇಲುತ್ತಿದ್ದದ್ದು ಅಲ್ಲೇ. ದಡದಲ್ಲಿ ಕೂರಲು ಜಾಗ ಇದೆ, ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಸೊಳ್ಳೆ ಮುಲಾಮು ಮರೆಯಬೇಡಿ.